ಸ್ವಚ್ಛ ವಾಹಿನಿಯ ಆರದ ಬ್ರೇಕ್ ದೀಪ
(ಬಡವನಹಳ್ಳಿ ಭಾಗದ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಮಧುಗಿರಿ–ಶಿರಾ ರಸ್ತೆಯಲ್ಲಿರುವ ಬಡವನಹಳ್ಳಿಯಂತಹ ಊರಿನಲ್ಲಿ ಕಸ ಸಂಗ್ರಹಿಸುವ ವಾಹನವು ಹತ್ತಾರು ಕಡೆ ನಿಂತು ನಿಂತು ಸಾಗಬೇಕಾಗುತ್ತದೆ. ಅದರ ಹಿಂದೆಯೇ ಬಸ್ಸು, ಲಾರಿ, ಕಡಲೆಕಾಯಿ ಮೂಟೆ ಹೇರಿದ ಟ್ರ್ಯಾಕ್ಟರ್ ಬರುತ್ತಿರುತ್ತವೆ. ಮುಂದಿನ ವಾಹನ ನಿಲ್ಲುತ್ತಿದೆಯೆಂದು ಹಿಂದಿನವರಿಗೆ ಮೊದಲು ತಿಳಿಸುವುದು ಬ್ರೇಕ್ ದೀಪ. ಅದು ಸದಾ ಉರಿಯುತ್ತಿದ್ದರೆ ಯಾವಾಗ ಬ್ರೇಕ್ ಹಾಕಿದರೆಂಬುದು ಯಾರಿಗೂ ತಿಳಿಯದು. ಗಂಟೆಗೆ 36 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ 10 ಮೀಟರ್ ಮುಂದೆ ಬಂದಿರುತ್ತದೆ. ಹಿಂದಿನ ಚಾಲಕರ ಒಂದು ಸೆಕೆಂಡಿನ ಗೊಂದಲಕ್ಕೆ ತೆರಬೇಕಾದ ಬೆಲೆ ಅಷ್ಟು.

ಎರಡನೆಯ ನಷ್ಟ ಬ್ಯಾಟರಿಯದು. 21 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟ್ ಬ್ಯಾಟರಿಯಿಂದ ಸುಮಾರು 3.5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಅನೇಕ ವಾಹನಗಳಲ್ಲಿ ಬೀಗದ ಕೈ ತೆಗೆದ ಮೇಲೂ ಈ ದೀಪ ಉರಿಯಬಲ್ಲದು. ಹಾಗಾದರೆ 35 ಆಂಪಿಯರ್-ಗಂಟೆಯ ಬ್ಯಾಟರಿಯು ಒಂದೇ ರಾತ್ರಿಯಲ್ಲಿ ಬರಿದಾಗುತ್ತದೆ. ಬೆಳಿಗ್ಗೆ ವಾಹನ ಹೊರಡುವುದಿಲ್ಲ, ಕಸ ಮನೆ ಬಾಗಿಲಲ್ಲೇ ಉಳಿಯುತ್ತದೆ.

ದೋಷದ ಮೂಲ ಬಹುಪಾಲು ಬ್ರೇಕ್ ಪೆಡಲ್ಲಿನ ಮೇಲ್ತುದಿಯಲ್ಲಿರುವ ಚಿಕ್ಕ ಸ್ವಿಚ್ಚಿನ ಬಳಿ ಇರುತ್ತದೆ. ಪೆಡಲ್ ತನ್ನ ಸ್ಥಾನದಲ್ಲಿರುವಾಗ ಅದರ ತೋಳು ಸ್ವಿಚ್ಚಿನ ಗುಂಡಿಯನ್ನು ಒತ್ತಿ ಹಿಡಿದಿರುತ್ತದೆ, ದೀಪ ಆರಿರುತ್ತದೆ. ಕಾಲಿನಿಂದ ತುಳಿದಾಗ ಗುಂಡಿ ಬಿಡುಗಡೆಗೊಂಡು ದೀಪ ಹೊತ್ತಿಕೊಳ್ಳುತ್ತದೆ. ಹಲವು ವಾಹನಗಳಲ್ಲಿ ಗುಂಡಿ ತಾಗುವ ಜಾಗದಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರಿನ ಸಣ್ಣ ಬಿರಡೆಯಿರುತ್ತದೆ. ಅದು ಹಳತಾಗಿ ಪುಡಿಯಾದರೆ ಗುಂಡಿಯು ರಂಧ್ರದೊಳಗೆ ತೂರಿ, ದೀಪ ಆರುವುದೇ ಇಲ್ಲ. ಕಾಲಡಿಯ ಚಾಪೆಯ ಮೇಲೆ ಬಿದ್ದ ಪ್ಲಾಸ್ಟಿಕ್ ಚೂರುಗಳನ್ನು ಗುಡಿಸಿ ಎಸೆಯುವ ಮುನ್ನ ಅವು ಎಲ್ಲಿಯವೆಂದು ನೋಡುವುದು ಒಳಿತು.

ಪರೀಕ್ಷೆಗೆ ಒಂದು ಕ್ರಮವಿದೆ. ವಾಹನವನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು.

ಮೊದಲನೆಯದಾಗಿ, ಪೆಡಲನ್ನು ಕಾಲ್ಬೆರಳಿನಿಂದ ಮೇಲಕ್ಕೆತ್ತಬೇಕು. ದೀಪ ಆರಿದರೆ ಪೆಡಲ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ ಅಥವಾ ಸ್ವಿಚ್ಚು ಸಡಿಲಗೊಂಡಿದೆ ಎಂದರ್ಥ. ಸ್ಪ್ರಿಂಗ್, ಸಿಕ್ಕಿಕೊಂಡ ಚಾಪೆ, ಸ್ವಿಚ್ಚಿನ ನಟ್ ಇವುಗಳನ್ನು ನೋಡಬೇಕು.

ಎರಡನೆಯದಾಗಿ, ಸ್ವಿಚ್ಚಿನ ಗುಂಡಿಯನ್ನು ಬೆರಳಿನಿಂದ ಒತ್ತಬೇಕು. ದೀಪ ಆರಿದರೆ ಸ್ವಿಚ್ಚು ಸರಿಯಿದೆ. ಬಿರಡೆ ಹೋಗಿದೆ ಅಥವಾ ಸ್ವಿಚ್ಚಿನ ಹೊಂದಾಣಿಕೆ ತಪ್ಪಿದೆ.

ಮೂರನೆಯದಾಗಿ, ಒತ್ತಿದರೂ ಆರದಿದ್ದರೆ ಸ್ವಿಚ್ಚಿನ ವೈರ್ ಜೋಡಣೆಯನ್ನು ಬಿಡಿಸಬೇಕು. ಆಗ ಆರಿದರೆ ಸ್ವಿಚ್ಚನ್ನೇ ಬದಲಿಸಬೇಕು. ಆಗಲೂ ಉರಿಯುತ್ತಿದ್ದರೆ ಮುಂದಿನ ವೈರಿನಲ್ಲಿ ಶಾರ್ಟ್ ಆಗಿರಬಹುದು. ಹೆಡ್‌ಲೈಟ್ ಹಾಕಿದಾಗ ಮಾತ್ರ ಈ ತೊಂದರೆ ಕಂಡರೆ ಹಿಂಬದಿಯ ಬಲ್ಬ್, ಹೋಲ್ಡರ್ ಮತ್ತು ಅರ್ಥ್ ವೈರನ್ನು ಪರಿಶೀಲಿಸಬೇಕು.

ಕೆಲವು ವಾಹನಗಳಲ್ಲಿ ಸ್ವಿಚ್ಚು ಬ್ರೇಕ್ ಆಯಿಲ್ ಕೊಳವೆಯ ಮೇಲಿರುತ್ತದೆ. ಅದನ್ನು ಬಿಚ್ಚಿದರೆ ಕೊಳವೆಗೆ ಗಾಳಿ ಸೇರಿ ಬ್ರೇಕ್ ಹಿಡಿಯದೆ ಹೋಗಬಹುದು. ಅದು ಮೆಕ್ಯಾನಿಕ್ಕರ ಕೆಲಸ. ಹಾಗೆಯೇ ದೀಪ ಆರಲೆಂದು ಸ್ವಿಚ್ಚನ್ನು ಅತಿಯಾಗಿ ಮುಂದಕ್ಕೆ ತಿರುಗಿಸಿದರೆ ಪೆಡಲ್ ಪೂರ್ತಿ ಹಿಂದಕ್ಕೆ ಬಾರದೆ ಬ್ರೇಕ್ ಸದಾ ಹಿಡಿದುಕೊಂಡಿರುತ್ತದೆ, ಚಕ್ರ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಅಪಾಯಕರವಾದುದು ಬಲ್ಬನ್ನೋ ಫ್ಯೂಸನ್ನೋ ಕಿತ್ತು ‘ಸರಿಯಾಯಿತು’ ಎನ್ನುವುದು. ದೀಪ ಆರಿತು ನಿಜ. ಆದರೆ ವಾಹನ ನಿಲ್ಲುವಾಗಲೂ ಅದು ಉರಿಯುವುದಿಲ್ಲ. ಪೆಡಲ್ಲಿಗೆ ನಾಣ್ಯ ಅಂಟಿಸುವ ಉಪಾಯವೂ ಹೆಚ್ಚು ದಿನ ಬಾಳದು. ಬಿರಡೆ ಹೊಸದಾಗಿಯೇ ಬರಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬ್ರೇಕ್ ದೀಪವನ್ನು ಕಡ್ಡಾಯಗೊಳಿಸಿವೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಪ್ರಕರಣವು ಅಪಾಯಕಾರಿ ದೋಷವಿರುವ ವಾಹನವನ್ನು ಓಡಿಸುವವರನ್ನಷ್ಟೇ ಅಲ್ಲದೆ, ಓಡಿಸಲು ಬಿಡುವವರನ್ನೂ ಹೊಣೆಗಾರರನ್ನಾಗಿಸುತ್ತದೆ. ದೋಷ ಗೊತ್ತಿರಲಿಲ್ಲ ಎಂಬ ಮಾತ್ರಕ್ಕೆ ಹೊಣೆ ತಪ್ಪದು. ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ದೋಷವೂ ಅದರಲ್ಲಿ ಸೇರಿದೆ.

ಅನೇಕ ಪಂಚಾಯಿತಿಗಳಲ್ಲಿ ಈ ವಾಹನಗಳನ್ನು ಸ್ವಸಹಾಯ ಗುಂಪುಗಳ ಮಹಿಳೆಯರೇ ಚಲಾಯಿಸುತ್ತಿದ್ದಾರೆ. ಚಾಲಕಿಯು ‘ದೀಪ ಆರುತ್ತಿಲ್ಲ’ ಎಂದು ತಿಳಿಸಿದ ದಿನವೇ ದುರಸ್ತಿಯಾಗಬೇಕು. ಒಂದು ಬಿರಡೆಗಾಗಿ ಮುಂದಿನ ಸಾಮಾನ್ಯ ಸಭೆಯವರೆಗೆ ಕಾಯುವಂತಾಗಬಾರದು. ಸಣ್ಣ ದುರಸ್ತಿಗಳ ವೆಚ್ಚಕ್ಕೆ ನಿಯಮಾನುಸಾರ ಮುಂಚಿತವಾಗಿಯೇ ಠರಾವು ಮಾಡಿಡುವುದು ಸೂಕ್ತ. ವಾಹನದ ಲಾಗ್ ಪುಸ್ತಕದಲ್ಲಿ ದೋಷ ತಿಳಿಸಿದ ದಿನ ಮತ್ತು ಸರಿಪಡಿಸಿದ ದಿನ ಎರಡೂ ದಾಖಲಾಗಲಿ; ನಡುವೆ ಎಷ್ಟು ದಿನ ಕಳೆದವೆಂಬುದನ್ನು ಸದಸ್ಯರು ಪ್ರಶ್ನಿಸಲಿ.

ಪ್ರತಿದಿನ ಹೊರಡುವ ಮುನ್ನ ಒಬ್ಬರು ಪೆಡಲ್ ತುಳಿದು ಬಿಡಲಿ, ಸಹಾಯಕಿ ಹಿಂದೆ ನಿಂತು ನೋಡಲಿ. ಒಬ್ಬರೇ ಇದ್ದರೆ ಗೋಡೆಯ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲಿ ಗಮನಿಸಬಹುದು. ತುಳಿದಾಗ ಹೊತ್ತಬೇಕು, ಬಿಟ್ಟಾಗ ಆರಬೇಕು. ಈ ಎರಡೂ ಖಚಿತವಾದ ಮೇಲೆಯೇ ವಾಹನ ರಸ್ತೆಗಿಳಿಯಲಿ.