ಯಂತ್ರದ ಸಲಹೆ, ಅನುಭವದ ಆಯ್ಕೆ



ಕೇಳಿದೊಡನೆ ಬರಹ, ಚಿತ್ರ, ನಕ್ಷೆಗಳನ್ನು ತಾನೇ ರಚಿಸಿಕೊಡುವ ಗಣಕ ತಂತ್ರಜ್ಞಾನಕ್ಕೆ ಜನರೇಟಿವ್ ಎ.ಐ. ಎಂದು ಹೆಸರು. ಕಾರ್ಖಾನೆಗಳಿಗೆ ಇದರಿಂದೇನು ಪ್ರಯೋಜನ? ಒಂದು ಉದಾಹರಣೆ ನೋಡೋಣ.

2018ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಇದಕ್ಕೆ ಸಮೀಪದ 'ಜನರೇಟಿವ್ ಡಿಸೈನ್' ವಿಧಾನವನ್ನು ಕಾರಿನ ಆಸನದ ಒಂದು ಬ್ರಾಕೆಟ್ ಮೇಲೆ ಪ್ರಯೋಗಿಸಿತು. ಎಷ್ಟು ಭಾರ ತಡೆಯಬೇಕು, ಎಲ್ಲಿ ಬಿಗಿಯಬೇಕು ಎಂಬುದನ್ನು ಎಂಜಿನಿಯರುಗಳು ತಿಳಿಸಿದರು. ಆಟೋಡೆಸ್ಕ್ ಕಂಪನಿಯ ತಂತ್ರಾಂಶ 150ಕ್ಕೂ ಹೆಚ್ಚು ವಿನ್ಯಾಸಗಳನ್ನು ಮುಂದಿಟ್ಟಿತು. ಆರಿಸಿದ ವಿನ್ಯಾಸದಲ್ಲಿ ಎಂಟು ಬಿಡಿಭಾಗಗಳು ಒಂದೇ ಆದವು, ತೂಕ ಶೇ. 40ರಷ್ಟು ಇಳಿಯಿತು, ಬಲ ಶೇ. 20ರಷ್ಟು ಹೆಚ್ಚಿತು.

ಆದರೆ ಅದು ತ್ರೀ-ಡಿ ಮುದ್ರಣದಿಂದ ತಯಾರಾದ ಪ್ರಾಯೋಗಿಕ ಮಾದರಿ. ಲಕ್ಷಗಟ್ಟಲೆ ಕಾರುಗಳಿಗೆ ಹಾಗೆ ಮುದ್ರಿಸುವುದು ನಿಧಾನ, ದುಬಾರಿ.

ಯಂತ್ರ ನೂರು ದಾರಿ ತೋರಿಸಬಲ್ಲದು. ಯಾವುದು ಅಚ್ಚಿಗೆ ಇಳಿದೀತು, ಯಾವುದು ಖರ್ಚಿಗೆ ಹೊಂದೀತು ಎಂಬುದನ್ನು ಬಲ್ಲವರು ನುರಿತ ಕೆಲಸಗಾರರು. ವಿನ್ಯಾಸದ ಹಂತದಲ್ಲೇ ಅವರ ಮಾತು ಕೇಳುವ ಕಾರ್ಖಾನೆಗೆ ಈ ತಂತ್ರಜ್ಞಾನ ಬಲ ತಂದೀತು. ಖರ್ಚು ಉಳಿಸಲು ಅವರನ್ನೇ ಮನೆಗೆ ಕಳಿಸಿದರೆ, ಗಣಕ ಕೊಟ್ಟ ನೂರು ನಕ್ಷೆಗಳಲ್ಲಿ ಒಂದನ್ನು ಆರಿಸಿ ಕೊಡುವವರು ಯಾರು? ಉದ್ಯಮಿಗಳು ಮೊದಲು ಯೋಚಿಸಬೇಕಾದದ್ದು ಇದನ್ನು.