ಹೈಡ್ರೋಜನ್ ಲೆಕ್ಕದಲ್ಲಿ ನಿಮ್ಮ ಎತ್ತರ ಎಷ್ಟು?

ನಿಮ್ಮ ಎತ್ತರ ಎಷ್ಟು ಅಂತ ಯಾರಾದರೂ ಕೇಳಿದರೆ ಅಡಿಯಲ್ಲೋ ಸೆಂಟಿಮೀಟರಿನಲ್ಲೋ ಥಟ್ಟನೆ ಹೇಳುತ್ತೀರಿ. ಕೇಳಿದವರು ಬೇರೊಂದು ನಕ್ಷತ್ರದ ಕಡೆಯವರಾಗಿದ್ದರೆ? ಅಡಿ, ಮೀಟರು ಅವರು ಕಂಡು ಕೇಳಿದ್ದಲ್ಲ. ಗೇಣು, ಮೊಳ ಎನ್ನೋಣವೆಂದರೆ ಅವರಿಗೆ ಕೈ ಇದೆಯೋ ಇಲ್ಲವೋ!

1972ರಲ್ಲಿ ಈ ಪೇಚು ನಿಜವಾಗಿಯೂ ಎದುರಾಯಿತು. ಅಮೆರಿಕದ ನಾಸಾ ಆ ವರ್ಷ ಪಯೋನಿಯರ್ 10 ನೌಕೆಯನ್ನು ಗುರು ಗ್ರಹದತ್ತ ಕಳಿಸಿತು. ಗುರುವನ್ನು ದಾಟಿದ ಮೇಲೆ ಅದು ಸೌರವ್ಯೂಹವನ್ನೇ ಬಿಟ್ಟು ಹೋಗುವುದಿತ್ತು. ಮುಂದೆಂದಾದರೂ ಯಾರಿಗಾದರೂ ಸಿಕ್ಕೀತು ಎಂದು ಅದಕ್ಕೊಂದು ಚಿತ್ರಫಲಕ ಜೋಡಿಸಿದರು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಹಲಗೆ. ಉದ್ದ ಸುಮಾರು 23 ಸೆಂ.ಮೀ., ಅಗಲ 15. ಅದರಲ್ಲಿ ಏನೇನಿರಬೇಕೆಂದು ಯೋಚಿಸಿದವರು ವಿಜ್ಞಾನಿಗಳಾದ ಕಾರ್ಲ್ ಸೇಗನ್ ಮತ್ತು ಫ್ರಾಂಕ್ ಡ್ರೇಕ್. ಚಿತ್ರ ಬರೆದವರು ಕಲಾವಿದೆ ಲಿಂಡಾ ಸಾಲ್ಜ್‌ಮನ್ ಸೇಗನ್.

ಚಿತ್ರದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ನಿಂತಿದ್ದಾರೆ. ಮೊದಲು ಇಬ್ಬರೂ ಕೈ ಕೈ ಹಿಡಿದಿರಲಿ ಎಂದುಕೊಂಡಿದ್ದರಂತೆ. ನೋಡಿದವರು ಇದೇನೋ ಎರಡು ತಲೆಯ ಒಂದೇ ಪ್ರಾಣಿ ಎಂದುಕೊಂಡರೆ ಏನು ಗತಿ? ಕೈ ಬಿಡಿಸಿದರು. ಈಗ ಗಂಡಸು ಮಾತ್ರ ಬಲಗೈ ಎತ್ತಿದ್ದಾನೆ. ನಮಗದು ನಮಸ್ಕಾರ, ತಿಳಿಯದವರಿಗೂ ನಮ್ಮ ಕೈ ಹೇಗೆ ಮಡಚುತ್ತದೆ, ಹೆಬ್ಬೆರಳು ಎಲ್ಲಿದೆ ಎಂಬುದಾದರೂ ಕಾಣುತ್ತದೆ.

ಇನ್ನು ಎತ್ತರ. ಇಡೀ ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಧಾತು ಹೈಡ್ರೋಜನ್. ನಿಮ್ಮ ಮೈಯ ಪರಮಾಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಅದೇ. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು. ಎರಡಕ್ಕೂ ‘ಸ್ಪಿನ್’ ಎಂಬ ಗುಣವಿದೆ. ಎರಡರ ಸ್ಪಿನ್ನೂ ಒಂದೇ ದಿಕ್ಕಿಗಿದ್ದಾಗ, ಒಮ್ಮೊಮ್ಮೆ ಎಲೆಕ್ಟ್ರಾನಿನದು ತಿರುವುಮುರುವಾಗುತ್ತದೆ. ಆಗ ಒಂದು ರೇಡಿಯೋ ಅಲೆ ಹೊಮ್ಮುತ್ತದೆ. ಅದರ ಅಲೆಯುದ್ದ 21 ಸೆಂ.ಮೀ. ಬೆಂಗಳೂರಾದರೂ ಅಷ್ಟೆ, ಆಕಾಶಗಂಗೆಯ ಆಚೆ ಅಂಚಾದರೂ ಅಷ್ಟೆ. ಯಾರೂ ಮಾಡಿಕೊಡದ ಅಳತೆಕೋಲು!

ಫಲಕದ ಮೇಲಿನ ಎಡ ಮೂಲೆಯಲ್ಲಿ ಈ ಪರಮಾಣುವಿನ ಚಿತ್ರವಿದೆ. ಹೆಂಗಸಿನ ಪಕ್ಕದಲ್ಲಿ ಒಂದು ನಿಂತ ಗೆರೆ, ಮೂರು ಮಲಗಿದ ಗೆರೆ. ನಿಂತದ್ದು 1, ಮಲಗಿದ್ದು 0. ಬಿಡಿ, ಹತ್ತು, ನೂರು ಸ್ಥಾನಗಳ ಬದಲು ಇಲ್ಲಿ 1, 2, 4, 8ರ ಸ್ಥಾನಗಳು. ಹಾಗಾಗಿ 1000 ಎಂದರೆ ಎಂಟು. ಎಂಟು ಇಪ್ಪತ್ತೊಂದಲಿ 168. ಅವಳ ಎತ್ತರ 168 ಸೆಂ.ಮೀ. ಈ ಲೆಕ್ಕ ತಲೆಗೆ ಹೋಗದಿದ್ದರೂ ಚಿಂತೆಯಿಲ್ಲ: ಇಬ್ಬರ ಬೆನ್ನ ಹಿಂದೆ ನೌಕೆಯ ಆಕಾರವನ್ನೂ ಅದೇ ಪ್ರಮಾಣದಲ್ಲಿ ಬರೆದಿದ್ದಾರೆ. ಸಿಕ್ಕವರು ನೌಕೆಯನ್ನೇ ಅಳೆದು ನೋಡಿಕೊಳ್ಳಬಹುದು. ನನಗಂತೂ ಇಡೀ ಫಲಕದಲ್ಲಿ ತುಂಬ ಹಿಡಿಸಿದ ಜಾಣತನ ಇದು.

ಸೂರ್ಯ ಎಲ್ಲಿದ್ದಾನೆಂದು ತೋರಿಸಲು 14 ಪಲ್ಸಾರ್ ನಕ್ಷತ್ರಗಳತ್ತ ಗೆರೆಗಳಿವೆ. ಕೆಳಗೆ ಸೂರ್ಯ, ಒಂಬತ್ತು ಗ್ರಹಗಳು (ಆಗಿನ್ನೂ ಪ್ಲುಟೊ ಗ್ರಹವೇ), ಭೂಮಿಯಿಂದ ಹೊರಟ ನೌಕೆಯ ದಾರಿಗೆ ಬಾಣದ ಗುರುತು. ಕಲಾ ಇತಿಹಾಸಕಾರ ಅರ್ನ್ಸ್ಟ್ ಗಾಂಬ್ರಿಕ್ ಈ ಬಾಣಕ್ಕೆ ತಕರಾರು ತೆಗೆದರು. ಬಿಲ್ಲು ಬಾಣ ಹಿಡಿದು ಬೇಟೆಯಾಡದವರಿಗೆ ಬಾಣದ ಗುರುತು ಹೇಗೆ ತಿಳಿದೀತು? ಒಳ್ಳೇ ಪ್ರಶ್ನೆಯೇ.

ಪಯೋನಿಯರ್ 10ರ ಕೊನೆಯ ಕ್ಷೀಣ ಸಂಕೇತ ಬಂದದ್ದು 2003ರ ಜನವರಿಯಲ್ಲಿ. ನೌಕೆ ರೋಹಿಣಿ ನಕ್ಷತ್ರದ ದಿಕ್ಕಿಗೆ ಹೋಗುತ್ತಲೇ ಇದೆ. ಅಲ್ಲಿಗೆ ಇಪ್ಪತ್ತು ಲಕ್ಷ ವರ್ಷದ ದಾರಿ.

ಈಗ ಟೇಪು ತನ್ನಿ. ಗೋಡೆಗೆ ಒರಗಿ ನಿಂತು ಎತ್ತರ ಅಳೆದು, 21ರಿಂದ ಭಾಗಿಸಿ. 147 ಸೆಂ.ಮೀ. ಇದ್ದರೆ ನೀವು ಏಳು ಹೈಡ್ರೋಜನ್ ಅಲೆಗಳಷ್ಟು ಎತ್ತರ. ಏಳನ್ನು ಆ ಗೆರೆಗಳಲ್ಲಿ ಬರೆಯುವುದು ಹೇಗೆ? 4, 2, 1 ಮೂರೂ ಬೇಕು: ಮೂರು ನಿಂತ ಗೆರೆ. 126 ಇದ್ದವರು ತಾವೇ ಬರೆದು ನೋಡಿ.