ದೇವರ ಚಿತ್ತವೆಂದ ಮೇಲೆ ಕೇಳಬಾರದೇ?



2024ನೇ ಇಸವಿ ಜುಲೈ 30ರ ಬೆಳಗಿನ ಜಾವ ವಯನಾಡಿನ ಮೇಪ್ಪಾಡಿ ಬಳಿ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳಕೊಂಡರು. ನಮ್ಮಂತೆಯೇ ಟೀ ಎಲೆ ಕಿತ್ತು ಪಾಡಿಗಳಲ್ಲಿ ಬಾಳಿದವರೂ ಅವರಲ್ಲಿದ್ದರು. ಅಂದಿನಿಂದ ನಮ್ಮ ಲೈನುಗಳ ಮಕ್ಕಳು ಕೇಳುತ್ತಿದ್ದಾರೆ: ದೇವರು ಒಳ್ಳೆಯವನಾದರೆ ಇದು ಹೇಗಾಯಿತು? ನಮ್ಮ ಹಿರಿಯರಲ್ಲಿ ಕೆಲವರು, "ಬಾಯಿ ಮುಚ್ಚು, ಅದು ದೇವರ ಚಿತ್ತ, ಹೀಗೆ ಕೇಳುವುದು ಅವಿಶ್ವಾಸ" ಎಂದು ಗದರಿಸುತ್ತಾರೆ. ಈ ಗದರಿಕೆ ಧರ್ಮಸಭೆಯ ಬೋಧನೆಯಲ್ಲ.

ಸುಮಾರು 1225ರಲ್ಲಿ ಇಟಲಿಯಲ್ಲಿ ಹುಟ್ಟಿದ ಸಂತ ತೋಮಾಸ್ ಅಕ್ವಿನಾಸರನ್ನು ನೋಡಿರಿ. (ಸಂದೇಹಪಟ್ಟ ಪ್ರೇಷಿತ ತೋಮನಲ್ಲ, ಇವರು ಬೇರೆ.) ದೊಡ್ಡ ಮನೆತನದವರು. ಭಿಕ್ಷೆ ಬೇಡಿ ಬದುಕುವ ದೊಮಿನಿಕನ್ ಸಭೆಗೆ ಸೇರಿದರೆಂದು ಒಡಹುಟ್ಟಿದವರೇ ಅವರನ್ನು ಹಿಡಿದು ತಂದು ಸುಮಾರು ಒಂದು ವರ್ಷ ಕೂಡಿಹಾಕಿದ್ದರು. ಮಾತು ಕಡಿಮೆ, ಮೈ ದಪ್ಪ. ಜೊತೆಯಲ್ಲಿ ಓದುವವರು "ಮೂಕ ಎತ್ತು" ಎಂದು ಹಾಸ್ಯ ಮಾಡುತ್ತಿದ್ದರಂತೆ. ಆ ಎತ್ತು ಉತ್ತ ಹೊಲವನ್ನು ಪಂಡಿತರು ಇಂದಿಗೂ ಕುಯ್ದು ಮುಗಿಸಿಲ್ಲ!

ಅವರ ದೊಡ್ಡ ಗ್ರಂಥ 'ಸುಮ್ಮಾ ಥಿಯೊಲಾಜಿಯೆ'. ಅದರಲ್ಲಿ ಪ್ರತಿಯೊಂದು ಪ್ರಶ್ನೆಗೂ ಮೊದಲು ಎದುರು ಪಕ್ಷದ ವಾದ, ಆಮೇಲೆ ತಮ್ಮ ಉತ್ತರ, ಕಡೆಗೆ ಒಂದೊಂದು ವಾದಕ್ಕೂ ಸಮಾಧಾನ. ನಮ್ಮ ಯೂನಿಯನ್ ಮಾತುಕತೆಯಲ್ಲೂ ಎದುರಿನವರಿಗೆ ಇಷ್ಟು ನ್ಯಾಯ ಸಿಗುವುದಿಲ್ಲ. ದೇವರಿದ್ದಾನೆಯೇ ಎಂಬಲ್ಲಿ ಅವರು ಇಟ್ಟ ಮೊದಲ ಎದುರು ವಾದ ಯಾವುದು ಗೊತ್ತೇ? ಲೋಕದಲ್ಲಿ ಕೇಡಿದೆ, ಆದುದರಿಂದ ದೇವರಿಲ್ಲ ಎಂಬುದು. ನಮ್ಮ ಮಕ್ಕಳ ಪ್ರಶ್ನೆಯೇ! 1277ರಲ್ಲಿ ಪ್ಯಾರಿಸ್ಸಿನ ಧರ್ಮಾಧ್ಯಕ್ಷರು ಖಂಡಿಸಿದ ಮಾತುಗಳಲ್ಲಿ ಕೆಲವು ಇವರ ಬೋಧನೆಗೂ ತಾಗಿದ್ದುಂಟು. ಆದರೂ 1323ರಲ್ಲಿ ಧರ್ಮಸಭೆ ಇವರನ್ನು ಸಂತರೆಂದು ಸಾರಿತು.

ಕೇಡಿನಿಂದಲೂ ಒಳಿತನ್ನು ತರಬಲ್ಲಷ್ಟು ದೇವರು ಶಕ್ತನು, ಒಳ್ಳೆಯವನು ಎಂದು ಸಂತ ಅಗಸ್ಟೀನರ ಮಾತು ಹಿಡಿದು ಅವರು ಉತ್ತರ ಕೊಡುತ್ತಾರೆ. ಮಗುವನ್ನು ಕಳಕೊಂಡ ತಾಯಿಗೆ ಈ ಉತ್ತರ ಸಾಲದು. ಅವಳ ಮುಂದೆ ವಾದ ಹೂಡದೆ ಪಕ್ಕದಲ್ಲಿ ಕೂತು ಜಪಸರ ಹೇಳುವುದೇ ಲೇಸು.

ಬುದ್ಧಿಯನ್ನೂ ವಿಶ್ವಾಸವನ್ನೂ ಕೊಟ್ಟವನು ಒಬ್ಬನೇ, ಆದುದರಿಂದ ಒಂದು ಕಂಡ ಸತ್ಯವನ್ನು ಇನ್ನೊಂದು ಸುಳ್ಳು ಮಾಡಲಾರದು ಎಂಬುದು ತೋಮಾಸರ ಮತ. ದೇವರಿದ್ದಾನೆಂದು ಬುದ್ಧಿಯಿಂದಲೇ ತಿಳಿಯಬಹುದು. ಆತನು ತ್ರಿಯೇಕನೆಂಬುದನ್ನು ಆತನೇ ತಿಳಿಸಬೇಕು. ಲೋಕಕ್ಕೆ ಆರಂಭವಿತ್ತು ಎಂಬುದನ್ನು ಕೂಡ ವಾದದಿಂದ ಸಾಧಿಸಲಾಗದು, ಸಡಿಲ ವಾದ ತಂದರೆ ನಂಬದವರು ನಗುತ್ತಾರೆ ಎಂದು ಎಚ್ಚರಿಸಿದರು.

ಇನ್ನು ದೇವರ ಚಿತ್ತದ ಮಾತು. ದೇವರು ಸೃಷ್ಟಿಗೂ ನಿಜವಾದ ಶಕ್ತಿ ಕೊಟ್ಟು ಅದರ ಮೂಲಕ ನಡೆಸುತ್ತಾನೆ ಎಂದರು ತೋಮಾಸರು. ಬೆಂಕಿ ಸುಡುವುದು ನಿಜ, ಮಳೆ ಮಣ್ಣನ್ನು ಸಡಿಲಿಸುವುದು ನಿಜ. ಹೀಗಿರುವಾಗ ಗುಡ್ಡ ಏಕೆ ಜಾರಿತೆಂದು ಕೇಳುವವನು ದೇವರಿಗೆ ಎದುರು ನಿಂತವನಲ್ಲ. ಮುಂಡಕ್ಕೈಯಲ್ಲಿ 1984ರಲ್ಲೂ ಗುಡ್ಡ ಕುಸಿದಿತ್ತು. ಹತ್ತಿರದ ಪುತ್ತುಮಲದಲ್ಲಿ 2019ರ ಆಗಸ್ಟ್ 8ರಂದು ಮತ್ತೆ ಜನ ಸತ್ತರು. ನೀರು ಹರಿಯುವ ದಾರಿಯಲ್ಲಿ ಜನ ಏಕೆ ವಾಸವಿರಬೇಕಾಯಿತು, ಎಚ್ಚರಿಕೆ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ? ಇವಕ್ಕೆಲ್ಲ ದೇವರ ಚಿತ್ತವೆಂದು ಮುದ್ರೆ ಒತ್ತಿದರೆ ಅನುಕೂಲ ಯಾರಿಗೆ?

1879ರಲ್ಲಿ ತೋಮಾಸರ ತತ್ವಶಾಸ್ತ್ರವನ್ನು ಕಲಿಸಿರೆಂದು ಪತ್ರ ಬರೆದ ಜಗದ್ಗುರು ಹದಿಮೂರನೇ ಲಿಯೋ ಅವರೇ, ಕೂಲಿಕಾರರಿಗೆ ಸಂಘ ಕಟ್ಟುವ ಹಕ್ಕಿದೆಯೆಂದು 1891ರಲ್ಲಿ ಬರೆದರು.

ಬರುವ ಭಾನುವಾರ ಬಲಿಪೂಜೆಯಾದ ಮೇಲೆ ಲೈನುಗಳ ಹಿಂದಿನ ದಿಣ್ಣೆಯಲ್ಲಿ ಬಿರುಕು ಎಲ್ಲಿದೆ, ಹೊಸದಾಗಿ ನೀರು ಎಲ್ಲಿ ಒಸರುತ್ತಿದೆ ಎಂದು ನೋಡಿ ಬರೆದುಕೊಂಡು ಬರೋಣ. ಮ್ಯಾನೇಜರರ ಕಛೇರಿಗೂ ಪಂಚಾಯತಿಗೂ ಅರ್ಜಿ ಕೊಡೋಣ. ಪ್ರಶ್ನೆ ಕೇಳುವ ಮಕ್ಕಳನ್ನು ಕರೆತನ್ನಿರಿ, ಅವರೇ ಬರೆಯಲಿ.